ಇಬ್ಬರು ಹಿಡಿಯುವ ಕ್ಲಚ್

ಅಫಜಲಪುರದ ಬಜಾರಿನಲ್ಲಿ ಕೆಲವು ವರ್ಷ ಬೆಳಗಿನ ಹೊತ್ತು ಗಡಿಯಾರ ನೋಡುವ ಕೆಲಸವೇ ಇರಲಿಲ್ಲ. "ಹಿಡಿ!" ಎಂದು ಒಂದು ಗಂಡುದನಿ ಕೇಳಿ, ಅದರ ಬೆನ್ನಿಗೇ "ಬಿಡು, ಬಿಡು, ಸಾವಕಾಶ ಬಿಡು!" ಎಂದು ಕೇಳಿತೆಂದರೆ ಶಾಲೆಗೆ ಹೊತ್ತಾಯಿತು ಎಂದು ಅರ್ಥ. ತರಕಾರಿ ಮಾರುವ ಹೆಣ್ಣುಮಕ್ಕಳು ಬುಟ್ಟಿ ಒಳಗೆ ಸರಿಸಿಕೊಳ್ಳುತ್ತಿದ್ದರು. ಚಹಾದ ಅಂಗಡಿಯವನು ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಊರಿಗೆ ಹೊಸಬರು ಯಾರಾದರೂ ಇದ್ದರೆ ಕಳ್ಳ ಸಿಕ್ಕಿದನೆಂದು ತಿಳಿದು ಓಡಿ ಬರುತ್ತಿದ್ದರು. ಬಂದು ನೋಡಿದರೆ ಕಳ್ಳನಿಲ್ಲ. ವಕೀಲರು ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ಫಟಫಟಿಯ ಮೇಲೆ ಹೊರಟಿದ್ದಾರೆ, ಅಷ್ಟೇ.

ವಕೀಲರು ತೀರಿಕೊಂಡು ವರ್ಷವಾಗುತ್ತ ಬಂತು. ನಾನು ಅವರ ಗೋಡೆಗೆ ಗೋಡೆ ಹಚ್ಚಿದ ನೆರೆಯವನು, ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದವನು. ಹೋದವರನ್ನು ನೆನೆದರೆ ಅಳು ಬರಬೇಕು, ನನಗೆ ಇವರನ್ನು ನೆನೆದರೆ ನಗು ಬರುತ್ತದೆ. ಅದಕ್ಕೆ ನಾನೇನು ಮಾಡಲಿ? ಅವರು ಬದುಕಿದ್ದೇ ಹಾಗೆ.

ವಕೀಲರು ನಗುವ ರೀತಿಯೇ ಬೇರೆ. ಮೊದಲು ಭುಜ ನಗುತ್ತಿದ್ದವು, ಆಮೇಲೆ ಹೊಟ್ಟೆ, ಎಲ್ಲ ಮುಗಿಯಿತು ಎನ್ನುವಾಗ ದನಿ ಬರುತ್ತಿತ್ತು. ಕಪ್ಪು ಕೋಟನ್ನು ಮೈಮೇಲೆ ಹಾಕಿಕೊಂಡದ್ದಕ್ಕಿಂತ ಮಡಚಿ ಬಗಲಲ್ಲಿ ಇಟ್ಟುಕೊಂಡದ್ದೇ ಹೆಚ್ಚು. ಕೋರ್ಟಿಗೆ ಮಧ್ಯಾಹ್ನದ ಬುತ್ತಿ ಎಂದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅವರು ರೊಟ್ಟಿ ಮುರಿದು ಬಾಯಿಗಿಟ್ಟರೆ ಸಪ್ಪಳ ಪಕ್ಕದ ಕೋಣೆಗೆ ಹೋಗುತ್ತಿತ್ತು. ಒಮ್ಮೆ ಅಲ್ಲಿಂದ ಗುಮಾಸ್ತ ಎದ್ದು ಬಂದು, "ವಕೀಲ ಸಾಹೇಬ್ರ, ಒಳಗ ಬರೀಲಿಕ್ಕೆ ಆಗವಲ್ದು, ಜರಾ ಮೆತ್ತಗ ತಿನ್ರಿ" ಎಂದನಂತೆ. ಇವರು ಒಂದು ರೊಟ್ಟಿ ಅವನ ಕೈಗಿಟ್ಟು, "ಮೆತ್ತಗ ಹ್ಯಾಂಗ ತಿಂತಾರ, ನೀವೇ ತೋರಸ್ರಿ" ಎಂದರಂತೆ. ಅವನೂ ಕುಳಿತು ಕರಕರ ತಿಂದು ಹೋದ.

ಕೇಸು ಗೆಲ್ಲುವುದಕ್ಕಿಂತ ರಾಜಿ ಮಾಡಿಸುವುದರಲ್ಲಿ ಅವರಿಗೆ ಹುರುಪು ಹೆಚ್ಚು. ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ವಕೀಲರ ಬಾಯಲ್ಲೇ ಕೇಳಿದ ಕಕ್ಷಿದಾರರು ಬೆಪ್ಪಾಗುತ್ತಿದ್ದರು. "ನೀವು ಹಿಂಗ ಎಲ್ಲಾರಿಗೂ ರಾಜಿ ಮಾಡ್ಸಿದ್ರ ನಾವು ಉಣ್ಣೂದೇನ್ರಿ?" ಎಂದು ಜೊತೆಯ ವಕೀಲರು ಕಾಡಿಸಿದರೆ ಉತ್ತರ ಸಿದ್ಧವಿತ್ತು: "ರೊಟ್ಟಿ ಉಣ್ರಿ. ನನ್ನ ಬುತ್ಯಾಗ ಹೆಚ್ಚೇ ಇರ್ತಾವು."

ಫಟಫಟಿ ಜೇವರ್ಗಿಯಿಂದ ಬಂದದ್ದು. ಹೊಸದಾಗಿ ವಕೀಲಿ ಶುರು ಮಾಡಿದಾಗ ಅವರು ಅಲ್ಲಿದ್ದರು. ಒಬ್ಬ ಮುದಿ ಡಾಕ್ಟರರಿಂದ ಕೊಂಡಿದ್ದರಂತೆ. ಆಗಲೇ ಅದಕ್ಕೆ ವಯಸ್ಸಾಗಿತ್ತು. ನಾನು ನೋಡುವ ಹೊತ್ತಿಗೆ ಪೆಟ್ರೋಲ್ ಟಾಕಿಯ ಮೇಲಿನ ಕಂಪನಿಯ ಹೆಸರು ಒರೆಸಿ ಒರೆಸಿ ಅಳಿಸಿಹೋಗಿತ್ತು. ಒದ್ದರೆ ಅದು ಏಳುತ್ತಿತ್ತು, ಅದು ಎದ್ದರೆ ಓಣಿ ಏಳುತ್ತಿತ್ತು.

ನನಗೆ ಸೈಕಲ್ ಬಿಟ್ಟರೆ ಬೇರೆ ಯಾವ ಗಾಡಿಯೂ ಬರುವುದಿಲ್ಲ. ಈ ಕ್ಲಚ್ ಎಂದರೇನು ಎಂದು ಒಮ್ಮೆ ಕೇಳಿದೆ.

"ಒಳಗ ತಾಟಿನಂಥವು ಇರ್ತಾವ್ರಿ ಮಾಸ್ತರ್ರ. ಒಂದಕ್ಕೊಂದು ಅಂಟಿಕೊಂಡಿದ್ರ ಇಂಜಿನ್ನಿನ ಜೋರು ಗಾಲಿಗೆ ಹೋಗ್ತದ. ಈ ಹಿಡಿಕಿ ನೀವು ಹಿಡಿದ್ರ ಅವು ಬಿಡ್ತಾವು. ನೀವು ಬಿಟ್ರ ಅವು ಹಿಡೀತಾವು."

ಹಿಡಿದರೆ ಬಿಡುತ್ತದೆ, ಬಿಟ್ಟರೆ ಹಿಡಿಯುತ್ತದೆ! ವ್ಯಾಕರಣ ಕಲಿಸುವ ನನಗೆ ಇದು ಸರಿಬರಲಿಲ್ಲ. "ಹಂಗಾದ್ರ ಮಾತಿನಾಗೇ ತಪ್ಪದ ಅಲ್ರಿ" ಎಂದೆ.

"ಮಾತಿನಾಗಲ್ರಿ, ಸಂಸಾರನೇ ಹಂಗದ" ಎಂದು ಭುಜ ಕುಣಿಸಿದರು.

ಈ ತತ್ವವನ್ನು ಅವರು ನನಗೊಬ್ಬನಿಗೇ ಹೇಳಿ ಬಿಟ್ಟಿದ್ದರೆ ನಮ್ಮ ಮನೆಯ ಸಂಡಿಗೆ ಉಳಿಯುತ್ತಿತ್ತು. ಕರಜಗಿಯ ಅಣ್ಣತಮ್ಮಂದಿರಿಬ್ಬರು ಹೊಲದ ನಡುವಿನ ಬದುವಿಗಾಗಿ ಹೊಡೆದಾಡಿಕೊಂಡು ಅವರ ಅಂಗಳಕ್ಕೆ ಬಂದಿದ್ದರು. ಅಣ್ಣ ಒಂದು ಸಾಲು ಒತ್ತಿ ಉತ್ತರೆ ತಮ್ಮ ಎರಡು ಸಾಲು ಒತ್ತುತ್ತಿದ್ದ, ಬದು ದಾರದಷ್ಟು ಉಳಿದಿತ್ತು. ಎಷ್ಟು ಹೇಳಿದರೂ ಕೇಳಲೊಲ್ಲರು. ವಕೀಲರು ಅಣ್ಣನನ್ನು ಫಟಫಟಿಯ ಮೇಲೆ ಕೂಡಿಸಿ, ಕ್ಲಚ್ ಹಿಡಿಸಿ, ತಾವೇ ಗೇರು ಹಾಕಿ, "ಲೇ, ಗಟ್ಟಿ ಹಿಡಿ. ಗಾಡಿ ಮುಂದ ಹೋಯ್ತೇನು? ಇಲ್ಲ. ಈಗ ಬಿಡು, ಸಾವಕಾಶ ಬಿಡು" ಎಂದರು. ಅವನು ಸಿಟ್ಟಿನಲ್ಲಿದ್ದ ಮನುಷ್ಯ, ಗಪ್ಪನೆ ಬಿಟ್ಟ. ಫಟಫಟಿ ಎಗರಿ ಹೋಗಿ, ನನ್ನ ಹೆಂಡತಿ ಗೋಡೆಯ ಬದಿಗೆ ಒಣಹಾಕಿದ್ದ ಸಂಡಿಗೆಯ ಮೇಲೆ ಅವನ ಸಮೇತ ಮಲಗಿತು. ಮೊದಲು ಓಡಿದವನು ತಮ್ಮ. ಅಣ್ಣನನ್ನು ಎಬ್ಬಿಸಿ, ಧೋತರಕ್ಕೆ ಹತ್ತಿದ ಸಂಡಿಗೆ ಬಿಡಿಸತೊಡಗಿದ. ಬದುವಿನ ಜಗಳ ಅಂದೇ ಮುಗಿಯಿತೆಂದು ಹೇಳಲಾರೆ, ಆದರೆ ಇಬ್ಬರೂ ಒಂದೇ ಬಸ್ಸಿಗೆ ಊರಿಗೆ ಹೋದರು. ನನ್ನ ಹೆಂಡತಿಯ ಜೊತೆ ರಾಜಿಯಾಗಲು ಮಾತ್ರ ವಕೀಲರಿಗೆ ಬಹಳ ದಿನ ಹಿಡಿಯಿತು.

ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ, ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ. ವೈನಿ ಹವಳಗಾದ ಶಾಲೆಯಲ್ಲಿ ಶಿಕ್ಷಕಿ. ಆ ಸಕ್ಕರೆ ಕಾರ್ಖಾನೆಯ ಊರಿಗೆ ಬಸ್ಸಿಗೇನೂ ಬರವಿಲ್ಲ. ಆದರೂ ನೌಕರಿಗೆ ಸೇರಿದ ದಿನದಿಂದ ಅವರನ್ನು ಬಿಟ್ಟು ಬರುವುದು ವಕೀಲರ ಕೆಲಸ. ಮಗಳ ಮದುವೆಯ ಮರುದಿನವೂ ಅದು ತಪ್ಪಲಿಲ್ಲ. ವೈನಿ ಒಂದೇ ಬದಿಗೆ ಕಾಲು ಇಳಿಬಿಟ್ಟು, ಸೀಟಿನ ಕಂಬಿ ಹಿಡಿದು, ಅವರ ಬೆನ್ನಿಗೆ ಒಂದು ಗೇಣು ದೂರ ಕೂಡುತ್ತಿದ್ದರು. ನಮ್ಮ ಕಡೆ ಆ ವಯಸ್ಸಿನ ಗಂಡಹೆಂಡಿರು ಬಜಾರಿನಲ್ಲಿ ಹಾಗೆಯೇ ಹೋಗುವುದು.

ಒಂದು ದಸರೆಗೆ ಜೇಡರ ಬಲೆ ತೆಗೆಯಲು ಸ್ಟೂಲು ಹತ್ತಿದ ವಕೀಲರು ಕೆಳಗೆ ಬಿದ್ದು ಎಡಗೈಯ ಮಣಿಕಟ್ಟು ಮುರಿದುಕೊಂಡರು. ಪಟ್ಟಿ ಬಿಚ್ಚಿದ ಮೇಲೆ ನೋಡಿದರೆ ಆ ಕೈಗೆ ಚಹಾದ ಬಸಿ ಎತ್ತುವ ಕಸುವೂ ಇರಲಿಲ್ಲ. ಫಟಫಟಿಯ ಕ್ಲಚ್ಚೋ ಮೊದಲೇ ಬಿರುಸು, ವರ್ಷದಿಂದ ವರ್ಷಕ್ಕೆ ಇನ್ನಷ್ಟು ಬಿರುಸಾಗುತ್ತ ನಡೆದಿತ್ತು. ಮತ್ತೆ ಹೊರಟ ಮೊದಲ ಬೆಳಗ್ಗೆ ನಾನು ಗೋಡೆಯ ಮೇಲಿಂದ ನೋಡುತ್ತಿದ್ದೆ. ಒದ್ದರು, ಎದ್ದಿತು. ಎಡಗೈಯಿಂದ ಹಿಡಿಕೆ ಎಳೆದರು. ಮುಖ ಕೆಂಪಾಯಿತು, ಹಿಡಿಕೆ ಅಲುಗಲಿಲ್ಲ. ಇಂಜಿನ್ ಬಂದ್ ಮಾಡಿ ತಮ್ಮ ಕೈಯನ್ನೇ ನೋಡುತ್ತ ಕುಳಿತರು. ನಗುವುದನ್ನು ಬಿಟ್ಟು ಬೇರೆ ಮುಖವೇ ಗೊತ್ತಿಲ್ಲದ ಮನುಷ್ಯ.

ವೈನಿ ಒಳಗೆ ಹೋದರು. ಬಸ್ಸಿಗೆ ಹೋಗಲು ಕೊಡೆ ತರುತ್ತಾರೆ ಎಂದುಕೊಂಡೆ. ಬಂದರು ನೋಡಿ, ಅತ್ತೆಯ ಕಾಲದ ಇಳಕಲ್ ಸೀರೆ ಕಚ್ಚೆ ಹಾಕಿ ಉಟ್ಟುಕೊಂಡು! ಎರಡೂ ಬದಿಗೆ ಕಾಲು ಹಾಕಿ ಕುಳಿತರು. ಗಂಡನ ತೋಳಿನ ಕೆಳಗಿಂದ ಎಡಗೈ ಮುಂದೆ ಚಾಚಿ, ಹಿಡಿಕೆಯ ಮೇಲಿದ್ದ ಅವರ ಕೈಮೇಲೆ ತಮ್ಮ ಕೈ ಇಟ್ಟರು.

"ಏನ್ ಮಾಡ್ಬೇಕು, ಹೇಳ್ರಿ."

"ಹಿಡಿ" ಎಂದರು ವಕೀಲರು. ದನಿ ಸಣ್ಣದಾಗಿತ್ತು. ಬಜಾರು ಮುಟ್ಟುವ ಹೊತ್ತಿಗೆ ಅದು ದೊಡ್ಡದಾಗಿತ್ತು.

ಊರು ಬಾಯಿ ಮುಚ್ಚಿಕೊಂಡು ಇರುತ್ತದೆಯೇ? "ಅಯ್ಯ, ಮುದುಕರಿಗೆ ಹೊಸಾ ಹರೇ ಬಂತವ್ವಾ" ಎಂದಳು ಮೆಂತ್ಯೆ ಮಾರುವ ಅಜ್ಜಿ. ಬಸ್ಸಿನ ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ, "ವೈನಿಯಾರ, ಬಿಡಬ್ಯಾಡ್ರಿ!" ಎಂದು ಕೂಗಿದ. ವೈನಿ ನಾಚಿ ತಲೆ ತಗ್ಗಿಸಿದರು, ಕೈ ಮಾತ್ರ ತೆಗೆಯಲಿಲ್ಲ.

ಆದರೆ ಸಂಜೆಯಾದರೆ ವಕೀಲರ ಮಣಿಕಟ್ಟು ಬಾತುಕೊಳ್ಳುತ್ತಿತ್ತು. ವೈನಿ ಬಿಸಿನೀರಿನ ಶಾಖ ಕೊಡುತ್ತಿದ್ದರು. ಕಲಬುರಗಿಯಲ್ಲಿದ್ದ ಮಗಳು ಫೋನಿನಲ್ಲಿ ಗದರಿದಳು. ಹಳೆ ಗಾಡಿ ಕೊಂಡು ಕೂಡಿಡುವ ಒಬ್ಬರು ಸೊಲ್ಲಾಪುರದಲ್ಲಿದ್ದಾರೆ, ಅವರಿಗೆ ಕೊಟ್ಟುಬಿಡಿ ಎಂದಳು. ಕೊನೆಗೆ ವೈನಿಯೇ ಹೇಳಿದರು, ನನ್ನ ಎದುರಿಗೇ:

"ಉಗಾದಿ ತನಕ ನೋಡ್ತೇನ್ರಿ. ಅಷ್ಟರಾಗ ಕ್ಲಚ್ ಹಗರ ಆಗ್ಲಿಲ್ಲಂದ್ರ ನಾ ಬಸ್ಸಿಗಿ ಹೋಗ್ತೇನಿ, ಫಟಫಟಿ ಸೊಲ್ಲಾಪುರದವರಿಗಿ ಕೊಡೂಣು. ನಿಮ್ಮ ಕೈ ನೋಡ್ಲಿಕ್ಕಾಗವಲ್ದು ನನಗ."

ಮರುದಿನವೇ ವಕೀಲರು ಗೋಡೆಯ ಮೇಲೆ ಮುಖ ತೋರಿಸಿದರು. "ಮಾಸ್ತರ್ರ, ಐತವಾರ ಆಳಂದಕ್ಕ ಹೋಗೂಣು. ನಿಮ್ಮ ಕೈ ಜರಾ ಬೇಕಾಗೇದ."

ಇಂಥ ಹಳೆಯ ಗಾಡಿ ಬಿಚ್ಚುವ ಉಸ್ತಾದ್ ಒಬ್ಬ ಆಳಂದದಲ್ಲಿದ್ದ. ಅಲ್ಲಿಯವರೆಗೆ ಕ್ಲಚ್ಚಿನ ಮೇಲೆ ಎರಡನೆಯ ಕೈ ನನ್ನದಾಗಬೇಕಿತ್ತು. ಹೊರಟೆವು. ಊರ ಹೊರಗೆ ಎಮ್ಮೆಯ ಹಿಂಡು ಅಡ್ಡ ಬಂತು. "ಹಿಡೀರಿ ಮಾಸ್ತರ್ರ, ಹಿಡೀರಿ!" ಎಂದು ವಕೀಲರು ಕೂಗಿದರು. ನಾನು ಹೆದರಿ ಅವರ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದೆ. "ನನ್ನಲ್ರೀ, ಕ್ಲಚ್!" ಎನ್ನುವಷ್ಟರಲ್ಲಿ ಗಾಡಿ ಗಕ್ಕನೆ ನಿಂತು, ನಾವಿಬ್ಬರೂ ಎಮ್ಮೆಗಳ ನಡುವೆ ಎಮ್ಮೆಗಳಂತೆಯೇ ನಿಂತೆವು. ಊರ ಮಕ್ಕಳಿಗೆಲ್ಲ ಕ್ರಿಯಾಪದ ಕಲಿಸಿದವನಿಗೆ ಒಂದು ಕ್ರಿಯಾಪದದ ಕರ್ಮಪದ ತಿಳಿಯಲಿಲ್ಲ.

ಉಸ್ತಾದ್ ಬಡಾಯಿಯ ಮನುಷ್ಯ. ನಿಜಾಮರ ಕಾಲದ ಗಾಡಿಗಳೆಲ್ಲ ತನ್ನ ಕೈ ದಾಟಿ ಹೋಗಿವೆ ಎನ್ನುತ್ತಿದ್ದ. ಮುಖ ನೋಡಿದರೆ ನಿಜಾಮರ ಕಾಲಕ್ಕೆ ಅವನ ಅಪ್ಪ ತೊಟ್ಟಿಲಲ್ಲಿರಬೇಕು. "ಫಿಕರ್ ಮಾಡಬ್ಯಾಡ್ರಿ ವಕೀಲ್ ಸಾಬ್, ಒಳಗ ಸ್ಪ್ರಿಂಗ್ ಬಿರಸ ಅದಾವು, ಢಿಲ್ಲಾ ಮಾಡ್ತೇನಿ" ಎಂದು ತಾಟುಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗುಗಳನ್ನೆಲ್ಲ ಸಡಿಲು ಮಾಡಿ ಕೊಟ್ಟ. ಹಿಡಿಕೆ ಕೊಂಚ ಹಗುರಾಯಿತು. ಖುಷಿಯಿಂದ ಹೊರಟು ಅರ್ಧ ದಾರಿ ಬಂದೆವು. ಒಂದು ಏರು ಸಿಕ್ಕಿತು. ಇಂಜಿನ್ ಹುಲಿಯಂತೆ ಗರ್ಜಿಸಿತು, ಗಾಡಿ ಮಾತ್ರ ನಿಂತಲ್ಲೇ ನಿಂತಿತು. ಸಡಿಲಾದ ತಾಟುಗಳು ಒಂದರ ಮೇಲೊಂದು ಜಾರುತ್ತಿದ್ದವು. ಕಬ್ಬಿನ ಟ್ರ್ಯಾಕ್ಟರು ನಮ್ಮನ್ನು ದಾಟಿತು. ಎತ್ತಿನ ಗಾಡಿ ದಾಟಿತು. ಆಡು ಹಿಡಿದುಕೊಂಡು ನಡೆದು ಬಂದವನೊಬ್ಬ ನಿಂತು, "ಹಿಂದ ನೂಕ್ಲೇನ್ರಿ?" ಎಂದು ಕೇಳಿದ.

"ಮಾಸ್ತರ್ರ, ಮದಲ ಹಿಡಿದ್ರ ಬಿಡ್ತಿತ್ತು. ಈಗ ಹಿಡಿದ್ರೂ ಬಿಡ್ತದ, ಬಿಟ್ರೂ ಬಿಡ್ತದ" ಎಂದು ವಕೀಲರು ರಸ್ತೆಯ ಬದಿಗೆ ಕುಳಿತು ನಕ್ಕರು. ನಾನು ನಗಲಿಲ್ಲ. ನೂಕುವವನು ನಾನಾಗಿದ್ದೆ. ಅದೂ ಅಲ್ಲದೆ ಉಗಾದಿಗೆ ಮೊದಲು ಉಳಿದದ್ದು ಒಂದೇ ಐತವಾರ.

ಆ ಐತವಾರ ಮತ್ತೆ ಆಳಂದ. ಉಸ್ತಾದನಿಗೂ ಈಗ ಹಟ ಬಂದಿತ್ತು. ಸ್ಪ್ರಿಂಗುಗಳನ್ನು ಮೊದಲಿನಂತೆ ಬಿಗಿ ಮಾಡಿದ. ತಾಟುಗಳನ್ನು ಪೆಟ್ರೋಲಿನಲ್ಲಿ ತೊಳೆದು ಪಾಲಿಶ್ ಕಾಗದದಿಂದ ಉಜ್ಜಿ ಕೂಡಿಸಿದ. ಜಾರುವುದು ನಿಂತಿತು, ಬಿರುಸು ಹಾಗೇ ಉಳಿಯಿತು. ತಲೆ ಕೆರೆದುಕೊಂಡು ಕೊನೆಗೆ ಹಿಡಿಕೆಯಿಂದ ಇಂಜಿನ್ನಿಗೆ ಹೋಗುವ ವಾಯರು ಬಿಚ್ಚಿ, ಅದರ ಕೊಳವೆಯೊಳಗಿನ ತಂತಿ ಎಳೆದ. ಬೆಲ್ಲದ ಪಾಕದಲ್ಲಿ ಅದ್ದಿದ ದಾರದಂತೆ ಅದು ಅಂಟಂಟಾಗಿ ಬಂತು. ಮೂಸಿ ನೋಡಿದ. ನನ್ನ ಮೂಗಿಗೂ ಹಿಡಿದ.

"ವಕೀಲ್ ಸಾಬ್, ಇದು ಗಾಡಿದು ವಾಯರೋ, ಭಜಿ ಕರಿಯೋ ಝಾರಿಯೋ?"

ಕುಸುಬಿ ಎಣ್ಣೆ! ವಕೀಲರು ಹಣೆ ಬಡಿದುಕೊಂಡರು. ವೈನಿ ಪ್ರತಿ ಅಮಾವಾಸ್ಯೆಗೆ ಫಟಫಟಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಹಿಡಿಕೆಯ ಬುಡದಲ್ಲಿ ವಾಯರಿನ ಬಾಯಿಗೆ ಗಿಂಡಿಯಿಂದ ಎಣ್ಣೆ ಬಿಡುತ್ತಿದ್ದರು. ಒಂದು ಕಾಲಕ್ಕೆ ಅಲ್ಲಿ ಕಿರ್ ಎಂದಿತ್ತಂತೆ. ನಮ್ಮ ಕಡೆ ಬಾಗಿಲು ಕಿರ್ ಎಂದರೂ ಮೊಣಕಾಲು ಕಿರ್ ಎಂದರೂ ಔಷಧ ಒಂದೇ. ಆದರೆ ಕುಸುಬಿ ಎಣ್ಣೆ ಒಣಗಿದರೆ ಗೋಂದಿನ ಹಾಗೆ ಜಿಗಟು, ಹಳೆ ಎಣ್ಣೆ ಶೀಸೆಯ ಕುತ್ತಿಗೆ ಮುಟ್ಟಿದವರಿಗೆಲ್ಲ ಗೊತ್ತು. ಎಷ್ಟೋ ವರ್ಷದ ಭಕ್ತಿ ಆ ವಾಯರಿನೊಳಗೆ ಗಟ್ಟಿಯಾಗಿ ಕುಳಿತಿತ್ತು. ಪಾಪ, ಗಂಡನ ಕೈಗೆ ಹಗುರಾಗಲೆಂದು ಹಾಕಿದ ಎಣ್ಣೆಯೇ ಗಂಡನ ಕೈಗೆ ಬಾವು ತರುತ್ತಿತ್ತು.

ಉಸ್ತಾದ್ ವಾಯರನ್ನು ಡೀಸೆಲ್ಲಿನಲ್ಲಿ ನೆನೆಹಾಕಿದ. ನಾವು ಉಂಡು ಬರುವಷ್ಟರಲ್ಲಿ ಹಿಂದೆ ಮುಂದೆ ಎಳೆದು ತೊಳೆದು, ಹೊಲಿಗೆ ಮಶೀನಿನ ತೆಳು ಎಣ್ಣೆ ಬಿಟ್ಟು, ಹಿಡಿಕೆಯ ಮೊಳೆಗೆ ಗ್ರೀಸು ಹಚ್ಚಿ ಕೂಡಿಸಿಟ್ಟಿದ್ದ. "ಈಗ ಹಿಡೀರಿ" ಎಂದ. ವಕೀಲರು ಹೆದರುತ್ತ ಎಡಗೈಯ ಎರಡು ಬೆರಳು ಇಟ್ಟರು. ಹಿಡಿಕೆ ಬೆಣ್ಣೆಯಂತೆ ಬಂತು. ಬಿಟ್ಟರು, ಮತ್ತೆ ಹಿಡಿದರು, ಮತ್ತೆ ಬಿಟ್ಟರು. ಅವರ ಕಣ್ಣು ತುಂಬಿದ್ದವು. ನನಗೂ ಎಷ್ಟು ಆನಂದವಾಯಿತೆಂದರೆ ಉಸ್ತಾದನ ಮಸಿ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದೆ.

ವಾಪಸು ಬರುವಾಗ ನನ್ನ ಕೈಯ ಗರಜು ಬೀಳಲಿಲ್ಲ. ವಕೀಲರು ಸೀಟಿ ಹೊಡೆಯುತ್ತ ಬಂದರು. ಊರು ಹತ್ತಿರವಾದಂತೆ ಸೀಟಿ ಸಣ್ಣಗಾಯಿತು, ಆಮೇಲೆ ನಿಂತಿತು. ಊರ ಹೊರಗಿನ ಚಹಾದ ಅಂಗಡಿಯಲ್ಲಿ ಗಾಡಿ ನಿಲ್ಲಿಸಿದರು. ಬಸಿಗೆ ಸುರಿದ ಚಹಾ ಆರುತ್ತಿತ್ತು, ಕುಡಿಯಲಿಲ್ಲ.

"ಮಾಸ್ತರ್ರ, ಇದು ಇಷ್ಟು ಹಗರ ಆಗೇದಂತ ಮನ್ಯಾಗ ಹೇಳಬ್ಯಾಡ್ರಿ."

"ಯಾಕ್ರಿ? ಉಗಾದಿ ಬಂತು. ಹಗರ ಆಗ್ಲಿಲ್ಲಂದ್ರ ವೈನಿ ಬಸ್ಸಿಗಿ ಹೋಗ್ತಾರಲ್ರಿ?"

"ರಾಜಿ ಮಾಡ್ತೇನ್ರಿ. ನೋವು ಹೋಗೇದ, ಖರೇ ಜರಾ ಬಿರಸು ಉಳದದ, ನಿನ್ನ ಕೈ ಇದ್ರ ನಡೀತದ ಅಂತ ಹೇಳ್ತೇನಿ." ಎಡಗೈಯ ಬೆರಳು ಮಡಚಿ ಬಿಚ್ಚಿ ಮತ್ತೆ ಹೇಳಿದರು: "ಲಗ್ನ ಆಗಿ ಇಷ್ಟು ವರ್ಷ ಆತ್ರಿ. ಬಜಾರದಾಗ, ನಾಕು ಮಂದಿ ಎದುರಿಗಿ, ಆಕಿ ನನ್ನ ಕೈ ಹಿಡಿದಿದ್ದು ಈ ಕ್ಲಚ್ ಬಿರಸಾದ ಮ್ಯಾಲೇ."

ನಾನು ಬಸಿಯನ್ನು ಅವರ ಕಡೆ ಸರಿಸಿ, ಚಹಾ ಕುಡಿರಿ ಎಂದೆ.

ವಕೀಲರು ಪಕ್ಕಾ ಬಂದೋಬಸ್ತು ಮಾಡಿದರು. ಅಮಾವಾಸ್ಯೆಯ ಗಿಂಡಿಯಲ್ಲಿ ಕುಸುಬಿ ಎಣ್ಣೆ ಚೆಲ್ಲಿ ಗುಟ್ಟಾಗಿ ಮಶೀನಿನ ಎಣ್ಣೆ ತುಂಬಿಟ್ಟರು. ಉಗಾದಿ ಬಂತು, ಬೇವುಬೆಲ್ಲ ಹಂಚಿದ್ದಾಯಿತು, ಮರುದಿನ ಕಚ್ಚೆ ಸೀರೆ, ಅದೇ ಎರಡು ಕೈ, ಅದೇ "ಹಿಡಿ", ಅದೇ "ಬಿಡು". ವೈನಿ ರಿಟೈರ್ ಆದ ಮೇಲೂ ನಿಲ್ಲಲಿಲ್ಲ. ಸಂಜೆ ಹೊಳೆಯ ಕಡೆಗೆ ಹೋಗಿ ಭೀಮೆಯ ಗಾಳಿ ಕುಡಿದು ಬರುತ್ತಿದ್ದರು. ಗುಟ್ಟು ಗೊತ್ತಿದ್ದವನು ಇಡೀ ಊರಿನಲ್ಲಿ ನಾನೊಬ್ಬನೇ. ಅವರು ಹೊರಟಾಗಲೆಲ್ಲ ಗೋಡೆಯ ಮೇಲಿಂದ ನೋಡಿ, ಪಾಪ ವೈನಿ, ಏನೂ ಅರಿಯದವರು, ಎಂದು ಒಳಗೊಳಗೇ ನಗುತ್ತಿದ್ದೆ. ಹೀಗೆ ನಗುನಗುತ್ತಲೇ ಒಂದು ಮಧ್ಯಾಹ್ನ, ಊಟವಾಗಿ ಮಲಗಿದ ವಕೀಲರು ಏಳಲಿಲ್ಲ.

ಹೋದ ತಿಂಗಳು ಸೊಲ್ಲಾಪುರದ ಆ ಮನುಷ್ಯ ಬಂದಿದ್ದ. ಮಗಳು ಹೇಳಿ ಕಳಿಸಿದ್ದಳಂತೆ. ಒಳ್ಳೆಯವನೇ, ಹಳೆ ಗಾಡಿಯೆಂದರೆ ಜೀವ ಬಿಡುವವನು. ವೈನಿ ನನ್ನನ್ನೂ ಕರೆಸಿದ್ದರು. ಅವನು ಫಟಫಟಿಯ ಸುತ್ತ ತಿರುಗಿ, ಟಾಕಿ ಸವರಿ, "ಕ್ಲಚ್ ಹ್ಯಾಂಗ ಅದರಿ?" ಎಂದು ಹಿಡಿಕೆಗೆ ಕೈ ಹಾಕಲು ಹೋದ. ವೈನಿ ಮುಂದೆ ಬಂದು ಹಿಡಿಕೆಯ ಮೇಲೆ ತಮ್ಮ ಕೈ ಇಟ್ಟುಬಿಟ್ಟರು.

"ಭಾಳ ಬಿರಸು ಅದರಿ. ಒಬ್ಬರ ಕೈಲೆ ಆಗಂಗಿಲ್ಲ. ಇಬ್ಬರು ಹಿಡೀಬೇಕು."

ಅವನು ಒಂದು ಗಳಿಗೆ ಅವರ ಕೈಯನ್ನು ನೋಡಿದ. ಚಹಾ ಕುಡಿದು, ನಮಸ್ಕಾರ ಮಾಡಿ ಹೋದ.

ನನಗೆ ತಡೆಯಲಾಗಲಿಲ್ಲ. ಕೊಟ್ಟ ಮಾತು ದೊಡ್ಡದು, ಆದರೆ ಪಾಪದ ಹೆಣ್ಣುಮಗಳು ಸುಳ್ಳನ್ನೇ ನಂಬಿಕೊಂಡು ಕುಳಿತಿದ್ದಾರಲ್ಲ. "ವೈನಿ, ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆ ಕ್ಲಚ್ ಬಿರಸಿಲ್ರಿ. ಆಳಂದಕ್ಕ ಹೋಗಿ ಬಂದಾಗೇ ಹಗರ ಆಗಿತ್ತು."

ವೈನಿ ನನ್ನ ಮುಖ ನೋಡಿದರು. ಮೊದಲು ಭುಜ ನಕ್ಕವು, ಆಮೇಲೆ ಹೊಟ್ಟೆ, ಕೊನೆಗೆ ದನಿ ಬಂತು. ಥೇಟ್ ವಕೀಲರದೇ ನಗು.

"ಗಿಂಡ್ಯಾಗ ಮಶೀನಿನ ಎಣ್ಣಿ ವಾಸನಿ ಬಂದ್ರ ನನಗ ತಿಳಿಯಂಗಿಲ್ಲೇನ್ರಿ? ಅದು ಹೋಗ್ಲಿ. ನನ್ನ ಕೈ ಅದರ ಮ್ಯಾಲೇ ಇತ್ತಲ್ರಿ ಮಾಸ್ತರ್ರ. ಹಗರ ಆಗಿದ್ದು ನನಗ ಗೊತ್ತಾಗಂಗಿಲ್ಲೇನು?"

ಇಷ್ಟು ವರ್ಷ ಗೋಡೆಯ ಮೇಲೆ ನಿಂತು ನಕ್ಕವನು ನಾನು. ಬೆಪ್ಪಾಗಿ ಕೇಳಿದೆ: "ಮತ್ತ ಯಾಕ ಹೇಳ್ಲಿಲ್ರಿ?"

ವೈನಿ ಹಿಡಿಕೆಯನ್ನು ಒಂದೇ ಕೈಯಿಂದ ಮೆಲ್ಲಗೆ ಹಿಡಿದರು.

"ಹೇಳಿದ್ರ ಬಿಡಬೇಕಾಗ್ತಿತ್ತಲ್ರಿ."